ಗಾಜಿನ ಪೆಟ್ಟಿಗೆಯಿಂದ ಕಾಣೆಯಾದ ಟಿಂಕರ್

2024ರ ಮಾರ್ಚ್ 14, ಗುರುವಾರ. ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ ಪೊಲೀಸ್ ಠಾಣೆಗೆ ಒಂದು ಫೋನು ಬಂತು. ಮಾತಾಡಿದವಳು ಹಳೆಯ ರೈಲು ಡಿಪೋದಲ್ಲಿರುವ ಪುಟ್ಟ ಮ್ಯೂಸಿಯಂನ ಮೇಲ್ವಿಚಾರಕಿ ಕ್ಯಾರಲ್ ವಿಟ್ಮನ್. ನಾಯಿ ಕಳುವಾಗಿದೆ ಎಂದಳು. ಫೋನು ಎತ್ತಿದ ಪೊಲೀಸಿನವನು ರೂಢಿಯಂತೆ ಯಾವ ತಳಿ, ಯಾವ ಬಣ್ಣ, ಎಷ್ಟು ವಯಸ್ಸು ಎಂದು ಕೇಳಿದ.

"ವಯಸ್ಸು ಹೇಳೋದು ಕಷ್ಟ. ಸತ್ತೇ ನೂರಿಪ್ಪತ್ತು ವರ್ಷ ಆಯ್ತು."

ಅವನು ಫೋನನ್ನು ಅಂಗೈಯಿಂದ ಮುಚ್ಚಿ ಡಿಟೆಕ್ಟಿವ್ ಶಶಿಧರನ ಮೇಜಿನತ್ತ ನೋಡಿದ. ಠಾಣೆಯಲ್ಲಿ ಯಾರಿಗೂ ಬೇಡವಾದ ಕೇಸುಗಳು ಸಾಮಾನ್ಯವಾಗಿ ಆ ಮೇಜಿಗೇ ಹೋಗಿ ಬೀಳುತ್ತಿದ್ದವು.

ಶಶಿಧರನಿಗೆ ಐವತ್ತೆರಡು. ಹುಟ್ಟಿದ್ದು ಧಾರವಾಡದ ಪೊಲೀಸ್ ಕ್ವಾರ್ಟರ್ಸಿನಲ್ಲಿ. ಅಪ್ಪ ಠಾಣೆಯ ರೈಟರ್ ಆಗಿದ್ದವನು. ಎಫ್‌ಐಆರ್, ಪಂಚನಾಮೆ ಎಲ್ಲ ಅವನ ಕೈಬರಹದಲ್ಲೇ ಆಗಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಸೋದರಮಾವ ಹದಿನಾಲ್ಕರ ಹುಡುಗನನ್ನು ಇಲ್ಲಿಗೆ ಕರೆತಂದಿದ್ದ. ಇಲ್ಲಿನ ಠಾಣೆಗಳಲ್ಲಿ ಎಫ್‌ಐಆರ್ ಎಂಬ ಹೆಸರಿಲ್ಲ, ಪಂಚರನ್ನು ಕೂರಿಸಿ ಸಹಿ ಹಾಕಿಸುವ ಪದ್ಧತಿಯೂ ಇಲ್ಲ. ಆದರೂ ಕಳುವಾದ ಜಾಗಕ್ಕೆ ಕಾಲಿಟ್ಟರೆ ಸಾಕು, ಅವನ ತಲೆಯೊಳಗೆ ಅಪ್ಪನ ದನಿ ಶುರುವಾಗುತ್ತಿತ್ತು: ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ಕಿಟಕಿ, ಬೀಗ ಸುಸ್ಥಿತಿಯಲ್ಲಿದೆ.

9.35ಕ್ಕೆ ಅವನೂ ಜೊತೆಗಾತಿ ಆಫೀಸರ್ ಡೆಲ್ಗಾಡೊಳೂ ಡಿಪೋ ತಲುಪಿದರು. ಬೀಗ ಸುಸ್ಥಿತಿಯಲ್ಲೇ ಇತ್ತು. ಟಿಕೆಟ್ ಕಿಟಕಿಯ ಪಕ್ಕದಲ್ಲಿ ಆಳೆತ್ತರದ ಗಾಜಿನ ಪೆಟ್ಟಿಗೆ ತೆರೆದುಕೊಂಡಿತ್ತು. ಅದರ ಎಂಟು ತಿರುಪುಗಳನ್ನು ಬಿಚ್ಚಿ, ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ ಜೋಡಿಸಿಟ್ಟಿದ್ದರು. ತಳದಲ್ಲಿದ್ದ ಕಾಸಿನ ಡಬ್ಬಿ ತುಂಬಿದ ಹಾಗೆಯೇ ಇತ್ತು.

"ದುಡ್ಡು ಬಿಟ್ಟು ನಾಯಿ ಕದಿಯೋ ಕಳ್ಳ," ಎಂದಳು ಡೆಲ್ಗಾಡೊ. "ಶಶಿ, ಇವತ್ತು ನಿನಗೆ ಒಳ್ಳೇ ದಿನ."

ನಾಯಿಯ ಹೆಸರು ಟಿಂಕರ್. ಅದರ ಕತೆಯನ್ನು ಕ್ಯಾರಲ್ ಒಂದೇ ಉಸಿರಿಗೆ ಹೇಳಿದಳು. ವಿಕ್ಟೋರಿಯಾ ರಾಣಿಯ ಕೊನೆಗಾಲದಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಜಂಕ್ಷನ್ನಿನಲ್ಲಿದ್ದ ಕರಿ ನಾಯಿ. ರೈಲು ಕೆಲಸದಲ್ಲಿ ಸತ್ತವರ ಮಕ್ಕಳಿಗಾಗಿ ಬೆನ್ನ ಮೇಲೆ ಡಬ್ಬಿ ಹೊತ್ತು ಪ್ಲಾಟ್‌ಫಾರಮ್ಮಿನಲ್ಲಿ ಓಡಾಡುತ್ತಿತ್ತು. ಆ ಕಾಲಕ್ಕೆ ಅಲ್ಲಿ ಇಂಥ ನಾಯಿಗಳು ಹಲವಾರು ಇದ್ದವು. ಕಾಸು ಬಿದ್ದ ಸದ್ದಿಗೆ ಒಮ್ಮೆ ಬೊಗಳಿ ಥ್ಯಾಂಕ್ಸ್ ಹೇಳುವುದನ್ನು ಅದಕ್ಕೆ ಕಲಿಸಿದ್ದರು. ತಾಮ್ರ ಬಿದ್ದರೂ ಒಂದೇ ಬೊಗಳು, ಬೆಳ್ಳಿ ಬಿದ್ದರೂ ಒಂದೇ. ಸತ್ತ ಮೇಲೆ ಚರ್ಮಕ್ಕೆ ಹುಲ್ಲು ತುಂಬಿ, ಕೂತ ಭಂಗಿಯಲ್ಲಿ ಗಾಜಿನೊಳಗಿಟ್ಟು, ಕಾಸು ಹಾಕಲು ಗಾಜಿಗೆ ಒಂದು ಸೀಳು ಕೊರೆದರು. ಹಾಗಾಗಿ ಸತ್ತ ಮೇಲೂ ನಲವತ್ತು ವರ್ಷ ಅದು ಅನಾಥ ಮಕ್ಕಳಿಗೆ ದುಡಿಯಿತು. ಆಮೇಲೆ ಯಾವುದೋ ಹರಾಜಿನಲ್ಲಿ ಕೈ ಬದಲಾಯಿಸಿ, ಹಡಗು ಹತ್ತಿ, ಕ್ಯಾಲಿಫೋರ್ನಿಯಾಕ್ಕೆ ಬಂದಿತ್ತು.

"ಬೆಲೆ ಎಷ್ಟು ಅಂತ ಬರೆಯಲಿ?" ಶಶಿಧರ ಕೇಳಿದ.

ಕ್ಯಾರಲ್ ಕೈಬೆರಳು ಹಿಚುಕಿಕೊಂಡಳು. "ಸೊನ್ನೆ. ನಾಳೆ ಬೆಳಿಗ್ಗೆ ಅದನ್ನ ತೆಗೆದುಕೊಂಡು ಹೋಗೋರಿದ್ದರು."

"ಯಾರು?"

"ವಿಷವಸ್ತು ವಿಭಾಗದೋರು." ಅವಳ ದನಿ ಇಳಿಯಿತು. "ಹುಳ ಹಿಡಿಯಬಾರದು ಅಂತ ಆಗಿನ ಕಾಲದಲ್ಲಿ ಚರ್ಮಕ್ಕೆ ಆರ್ಸೆನಿಕ್ ಬಳೀತಿದ್ದರಂತೆ. ಹೋದ ತಿಂಗಳು ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು. ಮೈತುಂಬ ವಿಷ. ಅದಕ್ಕೇ ನಾನು ಫೋನ್ ಮಾಡಿದ್ದು. ತಗೊಂಡು ಹೋದೋರು ಅದನ್ನ ಮುಟ್ಟಿ, ಆ ಕೈಯಲ್ಲೇ ಊಟ ಮಾಡಿದರೆ?"

"ಇಲ್ಲಿ ಕೆಲಸ ಮಾಡೋರಿಗೆ ಈ ವಿಷಯ ಗೊತ್ತಾ?"

"ಇಲ್ಲ. ಹೇಳಬೇಡಿ ಅಂತ ಮ್ಯೂಸಿಯಂ ವಕೀಲರು ಅಂದರು. ನಾಯಿಯನ್ನ ವೇಸ್ಟ್ ಅಂತ ಡಿಸ್ಪೋಸ್ ಮಾಡ್ತೀವಿ ಅಂತಷ್ಟೇ ಸೋಮವಾರ ನೋಟೀಸು ಹಾಕಿದ್ವಿ."

ಅಲ್ಲಿಯ ತನಕ ತಮಾಷೆಯಾಗಿದ್ದ ಕೇಸು ಆ ಮಾತಿಗೆ ತಮಾಷೆಯಾಗಿ ಉಳಿಯಲಿಲ್ಲ. ಯಾರದೋ ಮನೆಯಲ್ಲಿ, ಬಹುಶಃ ಮಕ್ಕಳ ಕೈಗೆಟುಕುವಲ್ಲಿ, ಒಂದು ಕರಿ ನಾಯಿ ಕೂತಿದೆ. ನಾಯಿ ಕಂಡರೆ ಮಕ್ಕಳು ತಬ್ಬಿಕೊಳ್ಳದೆ ಬಿಡುತ್ತವೆಯೇ?

10.20ಕ್ಕೆ ಕೌಂಟಿಯ ವಿಷವಸ್ತು ವಿಭಾಗದಿಂದ ಟ್ರಾನ್ ಎಂಬವನು ಬಂದ. ಒಣಕಲು ಮೈ, ಮಿತವಾದ ಮಾತು. ಪೆಟ್ಟಿಗೆಯ ತಳದಲ್ಲಿ ಚೆಲ್ಲಿದ್ದ ಬಿಳಿ ಪುಡಿಯನ್ನು ಕಂಡು ಎಲ್ಲರನ್ನೂ ಹಿಂದೆ ಸರಿಸಿ, ವಿಷ ಪತ್ತೆ ಮಾಡುವ, ಪಿಸ್ತೂಲಿನಂಥ ಒಂದು ಯಂತ್ರವನ್ನು ಅದರತ್ತ ಹಿಡಿದ. ತಳದ ಹಲಗೆಯಲ್ಲಿ ವಿಷವಿತ್ತು. ಪುಡಿಯಲ್ಲಿ ಇರಲಿಲ್ಲ.

"ಇದು ಬರೀ ಬೂದಿ," ಎಂದ.

"ಸಿಗರೇಟಿಂದಾ?" ಡೆಲ್ಗಾಡೊ ಕೇಳಿದಳು.

ಶಶಿಧರ ಬಗ್ಗಿ ನೋಡಿದ. ಪೆಟ್ಟಿಗೆಯ ಹಿಂಬದಿಯ ಕಪ್ಪು ಹಲಗೆಯ ಮೇಲೆ ಅಡ್ಡಡ್ಡಲಾಗಿ ಮೂರು ಗೆರೆ ಮೂಡಿದ್ದವು. ಬೆರಳಿಗೆ ಅಂಟಿದ್ದನ್ನು ಯಾರೋ ಅಲ್ಲಿ ಒರೆಸಿದ್ದರು. ಮೂರು ಬೆರಳು; ತೋರು, ನಡು, ಉಂಗುರ. ಧಾರವಾಡದ ಕ್ವಾರ್ಟರ್ಸಿನ ಅಡುಗೆಮನೆಯ ಗೂಡಿನಲ್ಲಿ ಅಂಥ ಬೂದಿಯ ಗಟ್ಟಿಯೊಂದು ಸದಾ ಇರುತ್ತಿತ್ತು. ಶಾಲೆಗೆ ಹೊರಡುವ ಮುನ್ನ ಅವನವ್ವ ಅವನ ಗದ್ದ ಹಿಡಿದೆತ್ತಿ, ಹಣೆಗೆ ಎಳೆದು, ಉಳಿದದ್ದನ್ನು ಹೀಗೆಯೇ ಗೋಡೆಗೆ ಒರೆಸುತ್ತಿದ್ದಳು. ಆ ಗೋಡೆ ಅಷ್ಟಗಲ ಬೆಳ್ಳಗಾಗಿತ್ತು.

"ಇದು ವಿಭೂತಿ," ಎಂದ ಅವನು.

"ಅಂದರೆ?"

"ಸಗಣಿ ಸುಟ್ಟ ಬೂದಿ. ಹಣೆಗೆ ಹಚ್ಚಿಕೊಳ್ತೀವಿ."

ಡೆಲ್ಗಾಡೊ ಅವನ ಹಣೆಯನ್ನು ಒಮ್ಮೆ ನೋಡಿ, ಕೇಳಬೇಕೆಂದುಕೊಂಡದ್ದನ್ನು ನುಂಗಿದಳು.

"ಕ್ಯಾರಲ್, ಇಲ್ಲಿಯ ಬೀಗದ ಕೈ ಇರೋರಲ್ಲಿ ಭಾರತದೋರು ಯಾರಾದರೂ ಇದ್ದಾರಾ?"

"ಒಬ್ಬರೇ. ನಮ್ಮ ಬಸು. ಆದರೆ ಆತ..." ಕ್ಯಾರಲಳ ಮುಖ ಬಾಡಿತು. "ಹನ್ನೊಂದು ವರ್ಷದಿಂದ ಪ್ರತಿ ಬುಧವಾರ ಶಾಲೆ ಮಕ್ಕಳಿಗೆ ಟಿಂಕರ್ ಕತೆ ಹೇಳ್ತಾರೆ. ಕತೆ ಹೇಳೋಕೆ ಮುಂಚೆ ತಾವೇ ಒಂದು ಕಾಸು ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕ್ತಾರೆ. ನಿನ್ನೆ ಬಾಗಿಲು ಹಾಕಿದ್ದೂ ಅವರೇ."

"ನೋಟೀಸು ನೋಡಿದ ಮೇಲೆ ಏನಾದರೂ ಅಂದರಾ?"

"ಡಿಸ್ಪೋಸ್ ಅಂದರೆ ಏನು ಮಾಡ್ತಾರೆ ಅಂತ ಕೇಳಿದರು. ನಾಶ ಮಾಡ್ತಾರೆ ಅಂದೆ. ಹೌದಾ ಅಂದರು, ಅಷ್ಟೇ."

ರಿಜಿಸ್ಟರಿನಲ್ಲಿ ಪೂರ್ತಿ ಹೆಸರಿತ್ತು. ಬಸವಂತಪ್ಪ, ವಯಸ್ಸು ಎಪ್ಪತ್ತೆಂಟು, ವಿಳಾಸ ಪಕ್ಕದ ಊರು ಸ್ಯಾನ್ ರಮೋನ್.

ಮಧ್ಯಾಹ್ನದ ತನಕದ ಹೊತ್ತೆಲ್ಲ ಕೋರ್ಟಿನಿಂದ ವಾರಂಟು ಪಡೆಯುವುದಕ್ಕೆ ಹೋಯಿತು. 2.10ಕ್ಕೆ ಹೊರಟರೂ 680 ಫ್ರೀವೇಯಲ್ಲಿ ಲಾರಿಯೊಂದು ಅಡ್ಡಬಿದ್ದು, ಸ್ಯಾನ್ ರಮೋನಿನ ಮನೆಯ ಬಾಗಿಲು ತಟ್ಟುವಾಗ 2.55. ಟ್ರಾನ್‌ನ ವ್ಯಾನು ಹಿಂದೆಯೇ ಬಂತು. ಬಾಗಿಲು ತೆರೆದವಳು ಮಗಳು ಭುವನೇಶ್ವರಿ. ಕಿವಿಯಲ್ಲಿ ಹೆಡ್‌ಸೆಟ್ಟು, ಮೀಟಿಂಗಿನ ನಡುವೆ ಎದ್ದು ಬಂದಿದ್ದಳು. ಪೊಲೀಸರನ್ನು ಕಂಡು ಬಾಗಿಲು ಹಿಡಿದುಕೊಂಡಳು.

"ಅಪ್ಪಾಜಿಗೆ ಏನಾಯ್ತು?"

"ಏನೂ ಆಗಿಲ್ಲ, ಗಾಬರಿ ಬೇಡಿ," ಎಂದು ಶಶಿಧರ ಕನ್ನಡದಲ್ಲೇ ಹೇಳಿದ. "ನಿನ್ನೆ ಅವರು ಮನೆಗೆ ಏನಾದರೂ ತಂದರಾ? ಇಷ್ಟು ದೊಡ್ಡ ಸಾಮಾನು?"

"ಇಲ್ವಲ್ಲ. ಬರಿಗೈಲಿ ಬಂದ್ರು."

"ಎಷ್ಟೊತ್ತಿಗೆ?"

"ಏಳೂವರೆ ಆಗಿತ್ತು. ಸೀದಾ ಬಾತ್‌ರೂಮಿಗೆ ಹೋಗಿ ತಲೆ ಮೇಲೆ ನೀರು ಹಾಕ್ಕೊಂಡ್ರು. ಬಟ್ಟೆ ತಾವೇ ವಾಷರ್‌ಗೆ ಹಾಕಿದ್ರು. ಏನಪ್ಪಾಜಿ ಅಂದ್ರೆ ಮಣ್ಣಿಗೆ ಹೋಗಿದ್ದೆ ಅಂದ್ರು."

"ಯಾರ ಮಣ್ಣಿಗೆ?"

"ನಿನಗ ಗೊತ್ತಿಲ್ಲವ್ವಾ, ನಮ್ಮ ರೈಲ್ವೆದಾಂವ ಅಂದ್ರು. ಅವರ ವಯಸ್ಸಿನೋರು ಒಬ್ಬೊಬ್ಬರಾಗಿ ಹೋಗ್ತಾನೇ ಇದಾರೆ. ನಾನೂ ಮೀಟಿಂಗಲ್ಲಿದ್ದೆ, ಜಾಸ್ತಿ ಕೇಳಲಿಲ್ಲ."

ಶಶಿಧರ ನೋಟ್‌ಬುಕ್ ಮುಚ್ಚಿದ. ಈ ದೇಶದಲ್ಲಿ ಸಂಜೆ ಏಳಕ್ಕೆ ಹೆಣ ಹೂಳುವ ಸ್ಮಶಾನ ಅವನಿಗೆ ಗೊತ್ತಿದ್ದ ಮಟ್ಟಿಗೆ ಒಂದೂ ಇರಲಿಲ್ಲ. ಐದಕ್ಕೇ ಎಲ್ಲ ಗೇಟೂ ಹಾಕುತ್ತಾರೆ.

"ಅವರಿಗೆ ಗುದ್ದಲಿ ಹಿಡಿಯೋಕೆ ಜಾಗ ಎಲ್ಲಿದೆ?"

"ಕಮ್ಯೂನಿಟಿ ಗಾರ್ಡನ್ನಲ್ಲಿ ಒಂದು ಪ್ಲಾಟ್ ಇದೆ. ಮೆಂತ್ಯ, ಮೂಲಂಗಿ ಹಾಕಿದಾರೆ. ಬೆಳಿಗ್ಗೆಯಿಂದ ಅಲ್ಲೇ ಇದಾರೆ, ಊಟಕ್ಕೂ ಬಂದಿಲ್ಲ." ಅವಳು ಗಡಿಯಾರ ನೋಡಿದಳು. "ಇವತ್ತು ಗುರುವಾರ ಅಲ್ವಾ? ನಾಲ್ಕು ಗಂಟೆಗೆ ಡೇಕೇರ್ ಮಕ್ಕಳು ಬರ್ತವೆ. ನನ್ನ ಮಗಳೂ ಬರ್ತಾಳೆ. ಅಜ್ಜನ ಮೂಲಂಗಿ ಕೀಳೋದು ಅಂದ್ರೆ ಅವುಗಳಿಗೆ ಹಬ್ಬ."

ಅವಳು ಇನ್ನೂ ಮಾತಾಡುತ್ತಿದ್ದಂತೆಯೇ ಡೆಲ್ಗಾಡೊ ಕಾರಿನತ್ತ ಓಡಿದ್ದಳು. ಕನ್ನಡ ಬಾರದಿದ್ದರೂ ಶಶಿಧರನ ಮುಖ ಓದಲು ಬರುತ್ತಿತ್ತು.

3.40. ಗಾರ್ಡನ್ನಿನ ಬೇಲಿಯ ಆಚೆ, ಹರಿಪ್ರಿಯಾ ಎಂಬ ಮೈಸೂರಿನ ಹೆಂಗಸು ಪುಟ್ಟ ಪುಟ್ಟ ಸಲಿಕೆಗಳನ್ನು ಬಕೆಟ್ಟಿನಿಂದ ತೆಗೆದು ಸಾಲಾಗಿ ಇಡುತ್ತಿದ್ದಳು. ಗಾರ್ಡನ್ನಿನ ಉಸ್ತುವಾರಿ ಅವಳದು. ಶಶಿಧರ ಎರಡೇ ಮಾತಿನಲ್ಲಿ ವಿಷಯ ತಿಳಿಸಿದ.

"ಅಯ್ಯೋ ದೇವರೇ," ಎಂದವಳು ಫೋನು ತೆಗೆದಳು. "ಮಕ್ಕಳ ವ್ಯಾನು ಹೊರಟಾಯ್ತು. ವಾಪಸ್ ಕಳಿಸ್ತೀನಿ. ಬಸವಂತಪ್ಪನೋರಾ? ಅವರು ಇರುವೇನೂ ತುಳಿಯೋರಲ್ಲ, ಸಾರ್."

ಬಸವಂತಪ್ಪ ತಮ್ಮ ಪ್ಲಾಟಿನ ತುದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳಿ ಅಂಗಿ, ಸ್ವೆಟರು, ತಲೆಗೆ ಕಿವಿ ಮುಚ್ಚುವ ಟೋಪಿ. ಮುಂದೆ ಮೂರಡಿ ಚೌಕದಷ್ಟು ಹೊಸ ಮಣ್ಣು. ಸುತ್ತ ಮೆಂತ್ಯದ ಮಡಿ, ಅದರಾಚೆ ಮೂಲಂಗಿ. ಮಣ್ಣಿನ ಮೇಲೆ ಚೆಂಡು ಹೂ ಉದುರಿಸಿದ್ದರು. ಎರಡೂ ಅಂಗೈ ಕೆಂಪಗೆ ದದ್ದು ಎದ್ದಿತ್ತು. ಬಂದವರನ್ನು ಕಂಡು ಅವನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡರು.

"ನಮಸ್ಕಾರ್ರೀ ಯಜಮಾನ್ರ," ಎಂದ ಶಶಿಧರ. ಇಪ್ಪತ್ತು ವರ್ಷದಿಂದ ಆಡದ ಧಾರವಾಡದ ಮಾತು ತಾನಾಗಿ ಬಾಯಿಗೆ ಬಂತು. "ಪೊಲೀಸ್ರು. ಟಿಂಕರ್ ಇಲ್ಲಿ ಅದಾನೇನ್ರಿ?"

ಮುದುಕರು ಅವನನ್ನು ದಿಟ್ಟಿಸಿದರು. "ಯಾವ ಊರಪ್ಪಾ ನಿಂದು?"

"ಧಾರವಾಡ್ರಿ."

"ಅಡ್ಡಿಯಿಲ್ಲ. ಹುಬ್ಬಳ್ಳಿ ಆಗಿದ್ದರ ಇನ್ನೂ ಚಲೋ ಇತ್ತು." ಗದ್ದದಿಂದ ಹೊಸ ಮಣ್ಣನ್ನು ತೋರಿಸಿದರು. "ಅದಾನ. ಎರಡೂವರೆ ಫೂಟು ತೋಡೇನಿ. ಮಗ್ಗಲಾಗ ಗೂಡು ಮಾಡಿ, ಕುಂತ ಹಂಗ ಇಟ್ಟೇನಿ. ನಮ್ಮಾಗ ಸುಡೂದಿಲ್ಲ, ನಿನಗ ಗೊತ್ತದ."

"ಗೊತ್ತದ್ರಿ. ಆದ್ರ ಅದರ ಮೈಯಾಗ ವಿಷ ಐತ್ರಿ. ಹಳೇ ಕಾಲದ ವಿಷ. ನಿಮ್ಮ ಕೈ ನೋಡ್ಕೋರ್ರಿ."

ಬಸವಂತಪ್ಪ ತೋಳಿನಿಂದ ಕೈ ಹೊರತೆಗೆದು, ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಂತ್ಯದ ಮಡಿ ನೋಡಿದರು. ಆಮೇಲೆ ಮೂಲಂಗಿ.

"ಹುಡುಗರು," ಎಂದು ಎದ್ದು ನಿಲ್ಲಹೋದರು. "ಹುಡುಗರು ಬರೂ ಹೊತ್ತಾತು! ಮೊದಲ ಅವನ್ನ ನಿಂದರಸು!"

"ನಿಂದರಿಸೇವ್ರಿ. ಈ ಮಡಿಯೊಳಗಿಂದ ಯಾರರೆ ಏನರೆ ಕಿತ್ತಾರೇನ್ರಿ?"

"ಇಲ್ಲ, ಯಾರೂ ಇಲ್ಲ. ಮುಂಜಾನಿಂದ ಇಲ್ಲೇ ಕುಂತೇನಿ. ಹೂತ ಮರುದಿನ ಒಬ್ಬಂವನ್ನ ಬಿಟ್ಟು ಹೋಗಬಾರದು ಅಂತ ಮನಸಿಗೆ ಬಂತು."

4.15ಕ್ಕೆ ಟ್ರಾನ್ ಹಳದಿ ಪಟ್ಟಿ ಸುತ್ತಿ ಅಗೆಯಲು ಶುರುಮಾಡಿದ. ಅದಕ್ಕೂ ಮೊದಲು ಮುದುಕರ ಕೈಗಳನ್ನು ಹತ್ತು ನಿಮಿಷ ನೀರಲ್ಲಿ ತೊಳೆಸಿ, ಸಂಜೆ ಕರೆತರುವುದಾಗಿ ಆಸ್ಪತ್ರೆಗೆ ಫೋನು ಮಾಡಿ ತಿಳಿಸಿದ. ಶಶಿಧರ ಅಳತೆ ಬರೆದುಕೊಂಡ: ಗುಂಡಿಯ ಆಳ ಎರಡಡಿ ಐದಂಗುಲ, ಪೂರ್ವಕ್ಕೆ ಮುಖ. ಟಿಂಕರ್ ಬಿಳಿ ಧೋತರದಲ್ಲಿ ಸುತ್ತಿಕೊಂಡು ಕೂತಿದ್ದ. ಬಟ್ಟೆ ಸರಿಸಿದಾಗ ಮೊದಲು ಕಂಡದ್ದು ಹಣೆಯ ಮೇಲಿನ ಮೂರು ಗೆರೆ, ಅದರ ಕೆಳಗೆ ಎರಡು ಗಾಜಿನ ಕಣ್ಣು. ಕೂದಲು ಅಲ್ಲಲ್ಲಿ ಉದುರಿದ್ದರೂ ಕಿವಿ ಇನ್ನೂ ನಿಮಿರಿ, ಯಾವುದೋ ಸದ್ದಿಗೆ ಕಾದ ಹಾಗೆ ಇತ್ತು. ಡೆಲ್ಗಾಡೊ ತನಗೆ ಗೊತ್ತಿಲ್ಲದೆಯೇ ಕ್ಯಾಪು ತೆಗೆದಳು.

ಟ್ರಾನ್ ಯಂತ್ರ ಹಿಡಿದು ಸುತ್ತಲೂ ಪರೀಕ್ಷಿಸಿದ. ಧೋತರದಲ್ಲಿ ವಿಷವಿತ್ತು, ಗೂಡಿನ ಗೋಡೆಯಲ್ಲಿ ಸ್ವಲ್ಪ. ಮೆಂತ್ಯದ ಬೇರಿನ ತನಕ ಬಂದಿರಲಿಲ್ಲ. ಒಂದು ಮಳೆ ಬಿದ್ದಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ ಎಂದ. ಎರಡು ಡ್ರಮ್ಮು ಮಣ್ಣು ತೆಗೆದು, ಆ ಪ್ಲಾಟಿಗೆ ಒಂದು ವರ್ಷ ಬೇಲಿ ಹಾಕಬೇಕೆಂದು ಹರಿಪ್ರಿಯಾಳಿಗೆ ಬರೆದುಕೊಟ್ಟ.

5.05ಕ್ಕೆ ಶಶಿಧರ ಬಸವಂತಪ್ಪನವರ ಮುಂದೆ ಮಂಡಿಯೂರಿ ಕೂತ. ಕಾನೂನಿನ ಪ್ರಕಾರ ಓದಿ ಹೇಳಲೇಬೇಕಾದ ಮಾತುಗಳಿದ್ದವು. ಅವನ್ನು ಇಂಗ್ಲಿಷಿನಲ್ಲಿ ಸಾವಿರ ಸಲ ಹೇಳಿದ್ದ. ಕನ್ನಡದಲ್ಲಿ ಇದೇ ಮೊದಲು.

"ಯಜಮಾನ್ರ, ನಿಮ್ಮನ್ನ ಅರೆಸ್ಟ್ ಮಾಡಾಕತ್ತೇನ್ರಿ. ಸುಮ್ಮನ ಇರೂ ಹಕ್ಕು ನಿಮಗದ. ನೀವು ಆಡಿದ ಮಾತು ಕೋರ್ಟಿನ್ಯಾಗ ನಿಮಗ ಎದುರಾಗಬಹುದು. ವಕೀಲರ್ನ ಕೇಳೂ ಹಕ್ಕೂ ಅದ."

"ಸುಮ್ಮನ ಇರೂದು ನನ್ನ ಕೈಲೆ ಆಗೂದಿಲ್ಲಪಾ. ನಮ್ಮಾಕಿ ಇದ್ದಾಗ ಇದ ತಕರಾರು ಮಾಡತಿದ್ದಳು." ಬಸವಂತಪ್ಪ ಗುಂಡಿಯತ್ತ ನೋಡುತ್ತ ಹೇಳಿದರು. "ಬರಕೋ. ಎಲ್ಲಾ ಹೇಳತೇನಿ."

ಅವರು ಹೇಳಿದ್ದು ಹೀಗೆ. ಅಪ್ಪ ಹುಬ್ಬಳ್ಳಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ರೈಲಿನ ಬೋಗಿಗಳನ್ನು ಜೋಡಿಸುವಾಗ ನಡುವೆ ಸಿಕ್ಕು ಸತ್ತಾಗ ಮಗನಿಗೆ ಏಳು ವರ್ಷ. ಆಗ ಸ್ಟೇಷನ್ನಿನಲ್ಲಿ ಮೋತಿ ಎಂಬ ಕಂದು ನಾಯಿ ಇತ್ತು. ಬಿಳಿಯರ ಕಾಲದ ಒಬ್ಬ ಮುದಿ ಡ್ರೈವರು ತನ್ನ ಅಜ್ಜನಿಂದ ಕೇಳಿದ ಇಂಗ್ಲೆಂಡಿನ ಪದ್ಧತಿಯನ್ನು ನೆನಪಿಟ್ಟು, ಅದರ ಬೆನ್ನಿಗೆ ತಗಡಿನ ಡಬ್ಬಿ ಕಟ್ಟಿ, ಕಾಸು ಬಿದ್ದರೆ ಬೊಗಳುವುದನ್ನು ಕಲಿಸಿದ್ದ. ಮದ್ರಾಸ್ ಮೇಲ್ ರೈಲು ಬಂದರೆ ಮೋತಿ ಗಾರ್ಡಿಗಿಂತ ಮೊದಲು ಪ್ಲಾಟ್‌ಫಾರಮ್ಮಿನಲ್ಲಿ ಇರುತ್ತಿತ್ತು. ತಿಂಗಳಿಗೊಮ್ಮೆ ಡಬ್ಬಿ ಒಡೆದು, ರೈಲಿನ ಕೆಳಗೆ ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ಜೋಳ ಹಂಚುತ್ತಿದ್ದರು.

"ಎರಡು ವರ್ಷ ನಾನು ಮೋತಿ ದುಡದಿದ್ದು ಉಂಡೇನಿ," ಎಂದರು. "ಕ್ವಾರ್ಟರ್ಸಿನ್ಯಾಗ ಮಲಗಿದ್ದರೂ ಅದು ಬೊಗಳಿದ್ದು ಕೇಳಸತಿತ್ತು. ಒಂದು ಸಲ ಬೊಗಳಿದರ ನಮ್ಮವ್ವ, ಯಾರೋ ಪುಣ್ಯಾತ್ಮ ಹಾಕಿದ ನೋಡು ಅಂತಿದ್ದಳು. ನಾ ಎಣಸಕೋತ ನಿದ್ದಿ ಮಾಡತಿದ್ದೆ."

"ಆಮೇಲೆ?"

"ಅದು ಸತ್ತಿತು. ಅವತ್ತ ನಾನು ಸಾಲಿ ಬಿಟ್ಟು ಓಡಿ ಹೋದೆ. ಲೋಕೋ ಶೆಡ್ಡಿನ ಹಿಂದ ಕಸದ ಗುಂಪಿ ಇತ್ತು. ಎಣ್ಣಿ ಚಿಂದಿ, ಇದ್ದಲ ಧೂಳು, ಅದರ ಮ್ಯಾಲ ಒಗದು ಬೆಂಕಿ ಹಚ್ಚಿದ್ದರು. ಡಬ್ಬಿ ಮಾತ್ರ ಬಿಚ್ಚಿಕೊಂಡಿದ್ದರು. ಬ್ಯಾಡ್ರೋ, ಕುಣಿ ನಾ ತೋಡತೇನಿ ಅಂದೆ. ಒಂಬತ್ತು ವರ್ಷದಾಂವನ ಮಾತು ಯಾರು ಕೇಳತಾರ? ನಕ್ಕರು." ಅವರು ಮೂಗು ಒರೆಸಲು ಕೈಯೆತ್ತಿ, ದದ್ದು ನೆನಪಾಗಿ ಇಳಿಸಿದರು. "ಸೋಮವಾರ ಆ ಕ್ಯಾರಲ್ ವೇಸ್ಟು ಅಂದಳು. ನಾಶ ಅಂದಳು. ಈ ಸಲ ನನಗ ಎಪ್ಪತ್ತೆಂಟು, ಕೈಯಾಗ ಕೀಲಿ ಇತ್ತು."

ಶಶಿಧರ ಬರೆಯುವುದನ್ನು ನಿಲ್ಲಿಸಿದ್ದ. ಅಷ್ಟರಲ್ಲಿ ಟ್ರಾನ್ ಟಿಂಕರನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀಲಿ ಡ್ರಮ್ಮಿಗೆ ಇಳಿಸುತ್ತಿದ್ದ.

"ಯಾವಾಗ ಸುಡತಾರಂತ ಕೇಳು," ಎಂದರು ಬಸವಂತಪ್ಪ. "ಗೊತ್ತಿದ್ದರ ಅಷ್ಟೊತ್ತಿಗೆ ಒಂದು ದೀಪಾನರೆ ಹಚ್ಚೇನು."

ಶಶಿಧರ ಕೇಳಿದ. ಟ್ರಾನ್ ಮುಚ್ಚಳ ಹಿಡಿದು ತಿರುಗಿದ.

"ಸುಡೋದಾ? ಯಾರು ಹೇಳಿದ್ದು? ಆರ್ಸೆನಿಕ್ ಸುಟ್ಟರೆ ಹೊಗೆಯಲ್ಲಿ ಊರಿಗೆಲ್ಲ ಹಂಚಿದ ಹಾಗಾಗುತ್ತೆ. ಡ್ರಮ್ಮಿಗೆ ಸಿಮೆಂಟ್ ತುಂಬಿ ದಕ್ಷಿಣದ ಕಣಿವೆಗೆ ಒಯ್ತಾರೆ. ಜೇಡಿಮಣ್ಣು ಹಾಸಿರೋ ದೊಡ್ಡ ಗುಂಡಿ ಇದೆ. ಅಲ್ಲಿ ಹೂಳ್ತಾರೆ."

ಶಶಿಧರ ಅದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದ. ಬೇಲಿಯಾಚೆ ಭುವನೇಶ್ವರಿ ಮಗಳ ಕೈ ಹಿಡಿದು ನಿಂತಿದ್ದಳು, ಮಗು "ಅಜ್ಜಾ, ವಾಟ್ ಹ್ಯಾಪನ್ಡ್?" ಎಂದು ಕೂಗಿತು.

"ಹೂಳತಾರಂತ," ಎಂದು ಬಸವಂತಪ್ಪ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಶಶಿಧರನ ತೋಳು ಮುಟ್ಟಹೋಗಿ ಕೈ ಹಿಂದೆಗೆದು, "ಕುಂತ ಹಂಗ ಇಡತಾರೇನು? ಅಡ್ಡ ಮಲಗಸೂದಿಲ್ಲಲ್ಲ?"

ಶಶಿಧರ ಅದನ್ನೂ ಕೇಳಿದ. ಟ್ರಾನ್ ಜೇಬಿನಿಂದ ಕಪ್ಪು ಪೆನ್ನು ತೆಗೆದು ಡ್ರಮ್ಮಿನ ಮೈಮೇಲೆ ದಪ್ಪ ಬಾಣವೊಂದನ್ನು ಮೇಲ್ಮುಖವಾಗಿ ಎಳೆದು, ಕೆಳಗೆ "ನೆಟ್ಟಗೆ ಇಡಿ" ಎಂದು ಇಂಗ್ಲಿಷಿನಲ್ಲಿ ಬರೆದ. ಮುದುಕರು ತಲೆಯಾಡಿಸಿ, ಕುರ್ಚಿಯ ತೋಳು ಹಿಡಿದು ಎದ್ದರು.

"ನಡೀಪಾ. ಎಲ್ಲಿ ಕುಂದ್ರಬೇಕು, ಹಿಂದನೋ ಮುಂದನೋ?"

"ಹಿಂದ್ರಿ."

ಬೇಡಿ ಹಾಕಲಿಲ್ಲ. 5.50ಕ್ಕೆ ಕಾರು ಮೊದಲು ಆಸ್ಪತ್ರೆಗೆ, ಅಲ್ಲಿಂದ ಠಾಣೆಗೆ ಹೊರಟಿತು. ಬೆರಳಚ್ಚು ತೆಗೆಯುವಾಗ ದದ್ದಿನಿಂದ ಗೆರೆ ಸರಿಯಾಗಿ ಮೂಡಲಿಲ್ಲ. ಮತ್ತೊಂದು ದಿನಕ್ಕೆ ಬರಹೇಳಿ, ಕೋರ್ಟಿನ ತಾರೀಖು ಕೊಟ್ಟು, ಮಗಳ ಜೊತೆ ಕಳಿಸಿದರು.

ಶಶಿಧರ ವರದಿ ಬರೆದು ಮುಗಿಸಿದಾಗ 8.20 ಆಗಿತ್ತು. ಕಳುವಾದ ಮಾಲು, ಒಂದು ನಾಯಿ. ಬೆಲೆ, ಸೊನ್ನೆ. ಆರೋಪಿ ತಪ್ಪು ಒಪ್ಪಿಕೊಂಡಿದ್ದಾರೆ. ಕಾರಣ ಎಂಬಲ್ಲಿ ಬಹಳ ಹೊತ್ತು ಬೆರಳು ನಿಂತಿತು. ಹುಬ್ಬಳ್ಳಿ, ಮೋತಿ, ಜೋಳ, ಯಾವುದೂ ಆ ಪುಟ್ಟ ಚೌಕದಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಗೆ ಒಂದೇ ಸಾಲು ಬರೆದು ಸಹಿ ಹಾಕಿದ: ಸುಡುತ್ತಾರೆಂದು ತಿಳಿದಿದ್ದರು, ಇಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ.